ಪ್ರವಾಸದ ಆಲ್ಬಮ್: ನೆನಪಿನ ವಸ್ತುಗಳನ್ನೂ ಸ್ಕ್ರಾಪ್‌ಬುಕ್ ಸಾಮಗ್ರಿಯನ್ನೂ ಜೋಡಿಸಿಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟಿಕೆಟು, ನಕ್ಷೆ, ಅಂಚೆ ಕಾರ್ಡುಗಳು ಒಂದು ಕಡೆ, ಹಾಳೆ, ಅಂಟು, ಸ್ಟಿಕ್ಕರುಗಳು ಇನ್ನೊಂದು ಕಡೆ ರಾಶಿ ಬಿದ್ದಿದ್ದು, ಆಲ್ಬಮ್ ಮಾತ್ರ ಇನ್ನೂ ಆರಂಭವಾಗದೆ ಉಳಿದಿರುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಆಲ್ಬಮ್ ತಡವಾಗುವುದು ಸಾಮಗ್ರಿಯ ಕೊರತೆಯಿಂದಲ್ಲ, ಯಾವುದನ್ನು ಬಿಡಬೇಕೆಂದು ತೀರ್ಮಾನಿಸದೆ ಇರುವುದರಿಂದ. ಕೆಳಗಿನ ಹೆಚ್ಚಿನ ಉತ್ತರಗಳ ಹಿಂದೆ ಈ ಅಭಿಪ್ರಾಯವೇ ಇದೆ.

ಮೊದಲು ಯಾವುದನ್ನು ಜೋಡಿಸಬೇಕು: ಸಾಮಗ್ರಿಯನ್ನೋ, ನೆನಪಿನ ವಸ್ತುಗಳನ್ನೋ?

ನೆನಪಿನ ವಸ್ತುಗಳನ್ನು. ಹಾಳೆ, ಅಂಟು, ರಿಬ್ಬನ್‌ಗಳನ್ನು ಮತ್ತೆ ಕೊಳ್ಳಬಹುದು. ಮಸುಕಾದ ಟಿಕೆಟನ್ನು ಅಥವಾ ಯಾವ ಊರಿನದೆಂದು ಮರೆತುಹೋದ ಚೀಟಿಯನ್ನು ಮತ್ತೆ ತರಲು ಬರುವುದಿಲ್ಲ.

ಇವೆರಡನ್ನೂ ಒಂದೇ ತತ್ವದಿಂದ ಜೋಡಿಸಲು ಹೋಗುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ. ನೆನಪಿನ ವಸ್ತುಗಳು ಪ್ರವಾಸದ ಪ್ರಕಾರ ಇರಬೇಕು, ಅಂದರೆ ಒಂದು ಪ್ರವಾಸಕ್ಕೆ ಒಂದು ಪೆಟ್ಟಿಗೆ ಅಥವಾ ಒಂದು ಫೈಲು. ಸಾಮಗ್ರಿ ಅದರ ಬಗೆಯ ಪ್ರಕಾರ ಇರಬೇಕು, ಅಂದರೆ ಹಾಳೆಗಳೆಲ್ಲ ಒಂದೆಡೆ, ಅಂಟುಗಳೆಲ್ಲ ಒಂದೆಡೆ. ಕಡಲತೀರದ ಪ್ರವಾಸಕ್ಕೆಂದು ಕೊಂಡ ನೀಲಿ ಹಾಳೆಗಳನ್ನು ಆ ಪ್ರವಾಸದ ಪೆಟ್ಟಿಗೆಯಲ್ಲೇ ಮುಚ್ಚಿಟ್ಟರೆ, ಮುಂದೆ ಸರೋವರದ ಪುಟ ಮಾಡುವಾಗ ಅವು ಕಣ್ಣಿಗೆ ಬೀಳುವುದಿಲ್ಲ, ಮತ್ತೊಂದು ಕಟ್ಟು ನೀಲಿ ಹಾಳೆ ಮನೆಗೆ ಬರುತ್ತದೆ. ಸದ್ಯ ಕೈಯಲ್ಲಿರುವ ಆಲ್ಬಮ್ ಮಾತ್ರ ಇದಕ್ಕೆ ಅಪವಾದ: ಅದಕ್ಕೆ ಆರಿಸಿದ ಹಾಳೆ, ಫೋಟೋ, ಚೀಟಿಗಳನ್ನು ಒಂದೇ ತಟ್ಟೆಯಲ್ಲಿ ಇಟ್ಟುಕೊಂಡು ಕೆಲಸ ಮಾಡಿ, ಮುಗಿದ ದಿನ ಉಳಿದದ್ದನ್ನು ಅದರದರ ಜಾಗಕ್ಕೆ ಮರಳಿಸಬೇಕು.

ಪ್ರವಾಸದಲ್ಲಿರುವಾಗಲೇ ಮಾಡಬೇಕಾದದ್ದು ಏನಾದರೂ ಇದೆಯೇ?

ಇದೆ, ಮತ್ತು ಇಡೀ ಕೆಲಸದಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಡುವುದು ಇದೇ. ಚೀಲದಲ್ಲಿ ಒಂದು ಚಪ್ಪಟೆ ಫೋಲ್ಡರ್, ಅದರೊಳಗೆ ಮಡಚದ ಒಂದು ರಟ್ಟು ಮತ್ತು ಪ್ರವಾಸದ ದಿನಗಳಷ್ಟು ಸಣ್ಣ ಕಾಗದದ ಲಕೋಟೆಗಳಿದ್ದರೆ ಸಾಕು. ರಾತ್ರಿ ಮಲಗುವ ಮುನ್ನ ಜೇಬು, ಪರ್ಸುಗಳನ್ನು ಖಾಲಿ ಮಾಡಿ ಆ ದಿನದ ಕಾಗದಗಳನ್ನು ಆ ದಿನದ ಲಕೋಟೆಗೆ ಹಾಕಿ, ಮೇಲೆ ದಿನಾಂಕ, ಸ್ಥಳ ಮತ್ತು ಒಂದು ವಾಕ್ಯ ಬರೆಯಬೇಕು. «ಮಳೆಗೆ ಸಿಕ್ಕಿ ಎರಡು ಗಂಟೆ ನಿಲ್ದಾಣದಲ್ಲೇ ಕುಳಿತೆವು» ಎಂಬಂಥ ಒಂದು ಸಾಲು, ಮನೆಗೆ ಮರಳಿದ ಮೇಲೆ ನೆನಪು ಮಾಡಿಕೊಂಡು ಬರೆಯುವ ಒಂದು ಪುಟಕ್ಕಿಂತ ಖಚಿತವಾಗಿರುತ್ತದೆ.

ಫೋಟೋಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಫೋನು ಸಾಮಾನ್ಯವಾಗಿ ಸ್ಥಳೀಯ ಸಮಯಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಪ್ರತ್ಯೇಕ ಕ್ಯಾಮೆರಾ ಸಾಮಾನ್ಯವಾಗಿ ನಾವು ಬದಲಿಸುವವರೆಗೂ ಹಳೆಯ ಸಮಯವನ್ನೇ ಹಿಡಿದುಕೊಂಡಿರುತ್ತದೆ. ಎರಡರಿಂದಲೂ ಫೋಟೋ ತೆಗೆಯುವವರ ಚಿತ್ರಗಳು ಆಮೇಲೆ ಕಂಪ್ಯೂಟರಿನಲ್ಲಿ ಕಲಸಿಹೋಗಿ, ಬೆಳಗಿನ ದೋಣಿಯಾನ ಸಂಜೆಯ ಸೂರ್ಯಾಸ್ತದ ನಂತರ ಬರುವುದು ಇದರಿಂದಲೇ. ಮೊದಲ ದಿನ ಫೋನಿನ ಗಡಿಯಾರವನ್ನು ಕ್ಯಾಮೆರಾದಿಂದ ಒಂದು ಫೋಟೋ ತೆಗೆದಿಟ್ಟುಕೊಂಡರೆ ವ್ಯತ್ಯಾಸ ಎಷ್ಟೆಂದು ತಿಳಿಯುತ್ತದೆ, ಮತ್ತು ಎಲ್ಲ ಚಿತ್ರಗಳ ಸಮಯವನ್ನು ಒಮ್ಮೆಗೇ ಸರಿಪಡಿಸಬಹುದು.

ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಪ್ರತಿ ವಸ್ತುವಿನ ಮುಂದೆಯೂ ಇಡಬೇಕಾದ ಪ್ರಶ್ನೆ ಒಂದೇ: ಫೋಟೋ ಹೇಳಲಾಗದ ಏನನ್ನಾದರೂ ಇದು ಹೇಳುತ್ತದೆಯೇ? ದಿನಾಂಕ, ಸಮಯ, ಆಸನದ ಸಂಖ್ಯೆಗಳಿರುವ ಟಿಕೆಟು ಹೇಳುತ್ತದೆ. ಯಾರೋ ದಾರಿ ತೋರಿಸಲು ಚೀಟಿಯ ಹಿಂದೆ ಗೀಚಿಕೊಟ್ಟ ನಕ್ಷೆ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ; ಕೈಬರಹವಿರುವ ಯಾವುದನ್ನೂ ಎಸೆಯುವ ಮುನ್ನ ಎರಡು ಬಾರಿ ಯೋಚಿಸಬೇಕು. ಹೊಳೆಯುವ ಕಾಗದದ ಪ್ರಚಾರ ಪುಸ್ತಿಕೆ ಬಹುಮಟ್ಟಿಗೆ ಏನನ್ನೂ ಹೇಳುವುದಿಲ್ಲ, ಏಕೆಂದರೆ ಅದರಲ್ಲಿರುವುದು ಬೇರೆಯವರು ತೆಗೆದ ಚಿತ್ರಗಳು, ಬೇರೆಯವರು ಬರೆದ ಮಾತುಗಳು. ಆದರೂ ಜನ ಎಸೆಯಲು ಹಿಂಜರಿಯುವುದು, ಪೆಟ್ಟಿಗೆಯ ಅರ್ಧ ಜಾಗ ನುಂಗುವುದು ಈ ಪುಸ್ತಿಕೆಗಳೇ. ಅವುಗಳಿಂದ ಸಣ್ಣ ನಕ್ಷೆಯನ್ನೋ ಶೀರ್ಷಿಕೆಯನ್ನೋ ಕತ್ತರಿಸಿಕೊಂಡು ಉಳಿದದ್ದನ್ನು ರದ್ದಿಗೆ ಹಾಕಬಹುದು.

ಒಂದೇ ಬಗೆಯ ನಾಲ್ಕು ಟಿಕೆಟುಗಳಿದ್ದರೆ ಚೆನ್ನಾಗಿರುವ ಒಂದನ್ನು ಇಟ್ಟುಕೊಂಡರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲುತ್ತದೆ, ಕುಟುಂಬದ ಎಲ್ಲರ ಹೆಸರೂ ಬೇರೆಬೇರೆ ಅಚ್ಚಾಗಿದ್ದರೆ ಮಾತ್ರ ನಾಲ್ಕೂ ಇರಲಿ.

ಆಯ್ಕೆಯನ್ನು ಎರಡು ಸುತ್ತಿನಲ್ಲಿ ಮಾಡುವುದು ಒಳ್ಳೆಯದು. ಮರಳಿ ಬಂದ ಕೆಲವೇ ದಿನಗಳಲ್ಲಿ ಮೊದಲ ಸುತ್ತು ನಡೆಯಲಿ: ನಕಲುಗಳು, ಹರಿದವು, ಗುರುತೇ ಸಿಗದವು ಹೊರಗೆ ಹೋಗಲಿ, ಉಳಿದವುಗಳ ಹಿಂದೆ ಟಿಪ್ಪಣಿ ಬೀಳಲಿ. ಎರಡನೆಯ ಸುತ್ತು ಪುಟ ಮಾಡುವಾಗ ತಾನಾಗಿಯೇ ನಡೆಯುತ್ತದೆ. ಮೊದಲ ಸುತ್ತಿನಲ್ಲೇ ಕಟುವಾಗಿ ಎಸೆದುಬಿಟ್ಟರೆ ಮುಂದೆ ಬೇಕಾದದ್ದೂ ಹೋಗಿರುತ್ತದೆ.

ದಿನಾಂಕ, ಸ್ಥಳ, ವಿಷಯ: ಒಂದು ಪ್ರವಾಸದೊಳಗೆ ಯಾವ ಕ್ರಮ ಸೂಕ್ತ?

ಪೆಟ್ಟಿಗೆಯೊಳಗೆ ದಿನಾಂಕ, ಆಲ್ಬಮ್‌ನಲ್ಲಿ ನಿಮಗೆ ಬೇಕಾದದ್ದು. ದಿನಾಂಕದ ಪ್ರಕಾರ ಇಟ್ಟದ್ದನ್ನು ಯಾವಾಗ ಬೇಕಾದರೂ «ಕೋಟೆಗಳು», «ರೈಲುಗಳು» ಎಂದು ವಿಷಯವಾರು ವಿಂಗಡಿಸಿಕೊಳ್ಳಬಹುದು. ವಿಷಯವಾರು ಇಟ್ಟದ್ದನ್ನು ದಿನಾಂಕಕ್ಕೆ ಮರಳಿಸುವುದು ಕಷ್ಟ.

ಕೆಲವು ರಸೀದಿ, ಟಿಕೆಟುಗಳ ಅಕ್ಷರಗಳು ಏಕೆ ಮಾಯವಾಗುತ್ತವೆ?

ಅವು ಥರ್ಮಲ್ ಕಾಗದದ ಮೇಲೆ ಅಚ್ಚಾದವು. ಈ ಕಾಗದಕ್ಕೆ ಶಾಯಿ ಹಾಕುವುದಿಲ್ಲ. ಮೇಲ್ಮೈಯ ಲೇಪದಲ್ಲೇ ಬಣ್ಣರಹಿತ ವರ್ಣದ್ರವ್ಯವೂ ಅದನ್ನು ಬಣ್ಣಕ್ಕೆ ತರುವ ರಾಸಾಯನಿಕವೂ ಇದ್ದು, ಮುದ್ರಕದ ಬಿಸಿ ತಾಗಿದ ಕಡೆ ಮಾತ್ರ ಅವೆರಡೂ ಸೇರಿ ಕಪ್ಪಾಗುತ್ತವೆ. ಬೆಳಕು, ಬಿಸಿ, ಕೈಯ ಎಣ್ಣೆ, ಮದ್ಯಸಾರವಿರುವ ಸ್ಯಾನಿಟೈಸರ್, ಕೆಲವು ಅಂಟುಗಳು ಮತ್ತು ಮೆದುವಾದ ಪಿವಿಸಿ ಪ್ಲಾಸ್ಟಿಕ್ಕಿನಿಂದ ಹೊರಬರುವ ದ್ರವ್ಯಗಳು, ಇವೆಲ್ಲವೂ ಆ ಬಣ್ಣವನ್ನು ಕೆಡಿಸಬಲ್ಲವು. ಆದ್ದರಿಂದ, ಜೋಪಾನವಾಗಿರಲೆಂದು ಅಗ್ಗದ ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟ ರಸೀದಿಯೇ ಮೊದಲು ಬಿಳಿಯಾಗುವ ವಿಚಿತ್ರವೂ ಉಂಟು.

ಕಾಗದ ಥರ್ಮಲ್ ಹೌದೋ ಅಲ್ಲವೋ ತಿಳಿಯಲು ಒಂದು ಮೂಲೆಯನ್ನು ಉಗುರಿನಿಂದ ಬೇಗನೆ ಉಜ್ಜಿ ನೋಡಿ. ಉಜ್ಜಿದ ಬಿಸಿಗೆ ಕಪ್ಪು ಗೆರೆ ಮೂಡಿದರೆ ಅದು ಥರ್ಮಲ್. ಅಂಥವನ್ನು ಮನೆಗೆ ಬಂದ ವಾರದಲ್ಲೇ ಸ್ಕ್ಯಾನ್ ಮಾಡಬೇಕು. ಅಳತೆಗೆ ಸರಿಯಾಗಿ ಮುದ್ರಿಸಲು 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆಗಳೆಂಬ ಅಳತೆ) ಸಾಕು, ಸಣ್ಣದನ್ನು ದೊಡ್ಡದು ಮಾಡಿ ಮುದ್ರಿಸುವುದಾದರೆ 600 ಇರಲಿ. ಆಲ್ಬಮ್‌ಗೆ ಒಳ್ಳೆಯ ಕಾಗದದ ಮೇಲೆ ಮುದ್ರಿಸಿದ ಪ್ರತಿ ಹೋಗಲಿ, ಮೂಲವನ್ನು ಕಾಗದದ ಲಕೋಟೆಯಲ್ಲಿ ಕತ್ತಲೆಯಲ್ಲಿಡಿ. ಬಿಸಿಯಿಂದ ಅಂಟುವ ಲ್ಯಾಮಿನೇಶನ್ ಮಾತ್ರ ಎಂದಿಗೂ ಬೇಡ. ಇಡೀ ಚೀಟಿ ಕಪ್ಪಾಗಿ ಹೊರಬರುತ್ತದೆ.

ಬೋರ್ಡಿಂಗ್ ಪಾಸನ್ನು ಆಲ್ಬಮ್‌ನಲ್ಲಿ ಅಂಟಿಸಬಹುದೇ?

ಅಂಟಿಸಬಹುದು. ಆದರೆ ಅದರ ಬಾರ್‌ಕೋಡ್‌ನಲ್ಲಿ ಪ್ರಯಾಣಿಕರ ಹೆಸರು, ಬುಕಿಂಗ್ ಸಂಕೇತ, ಕೆಲವೊಮ್ಮೆ ಸದಸ್ಯತ್ವದ ಸಂಖ್ಯೆಯೂ ಇರುತ್ತದೆ, ಮತ್ತು ಅದನ್ನು ಸಾಮಾನ್ಯ ಫೋನಿನಿಂದಲೇ ಓದಬಹುದು. ಪುಟದ ಫೋಟೋ ತೆಗೆದು ಇತರರಿಗೆ ತೋರಿಸುವ ಅಭ್ಯಾಸವಿದ್ದರೆ ಬಾರ್‌ಕೋಡ್ ಮೇಲೆ ಒಂದು ಸ್ಟಿಕ್ಕರ್ ಅಥವಾ ಸಣ್ಣ ಫೋಟೋ ಬರುವಂತೆ ಪುಟವನ್ನು ವಿನ್ಯಾಸ ಮಾಡಿ. ಇವುಗಳಲ್ಲಿ ಅನೇಕವು ಥರ್ಮಲ್ ಕಾಗದವೇ ಆದ್ದರಿಂದ ಮೇಲಿನ ಉತ್ತರ ಇವಕ್ಕೂ ಅನ್ವಯಿಸುತ್ತದೆ.

«ಆಮ್ಲರಹಿತ», «ಲಿಗ್ನಿನ್‌ರಹಿತ» ಎಂಬ ಮಾತುಗಳಿಗೆ ನಿಜವಾಗಿ ಬೆಲೆ ಇದೆಯೇ?

ಇದೆ. ಮರದ ತಿರುಳಿನಲ್ಲಿರುವ ಲಿಗ್ನಿನ್ ಬೆಳಕು ಮತ್ತು ಗಾಳಿಗೆ ಒಡ್ಡಿಕೊಂಡಾಗ ಹಳದಿಯಾಗುತ್ತದೆ, ಆಮ್ಲವನ್ನೂ ಹುಟ್ಟಿಸುತ್ತದೆ. ಸುದ್ದಿಪತ್ರಿಕೆ ಬೇಗ ಕಂದಾಗಿ ಪುಡಿಯಾಗುವುದಕ್ಕೆ ಇದೇ ಮುಖ್ಯ ಕಾರಣ. ಆಮ್ಲ ತಾನಿದ್ದ ಕಾಗದದಲ್ಲೇ ನಿಲ್ಲದೆ ಪಕ್ಕದ ಕಾಗದಕ್ಕೂ ಹರಡುತ್ತದೆ. ಆಮ್ಲರಹಿತ ಹಾಳೆಯ ಪಿಎಚ್ 7 ಅಥವಾ ಅದಕ್ಕಿಂತ ಹೆಚ್ಚಿದ್ದು, ಒಳ್ಳೆಯವುಗಳಲ್ಲಿ ಮುಂದೆ ಬರುವ ಆಮ್ಲವನ್ನು ತಟಸ್ಥಗೊಳಿಸಲು ಕ್ಯಾಲ್ಸಿಯಂ ಕಾರ್ಬೊನೇಟನ್ನೂ ಸೇರಿಸಿರುತ್ತಾರೆ.

ಇದಕ್ಕಿಂತ ಕಟ್ಟುನಿಟ್ಟಾದ ಗುರುತು ಬೇಕೆನ್ನುವವರು «ಪಿಎಟಿ» (ಫೋಟೋಗ್ರಾಫಿಕ್ ಆಕ್ಟಿವಿಟಿ ಟೆಸ್ಟ್) ಎಂಬ ಪರೀಕ್ಷೆಯಲ್ಲಿ ಉತ್ತೀರ್ಣವಾದ ಹಾಳೆ, ಅಂಟು, ಲಕೋಟೆಗಳನ್ನು ಹುಡುಕಬಹುದು. ಐಎಸ್‌ಒ 18916 ಎಂಬ ಅಂತರರಾಷ್ಟ್ರೀಯ ಮಾನದಂಡದ ಈ ಪರೀಕ್ಷೆಯಲ್ಲಿ ವಸ್ತುವನ್ನು ಫೋಟೋ ಪದರಗಳಿಗೆ ತಾಗಿಸಿ 70 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇಕಡಾ 86 ತೇವದಲ್ಲಿ 15 ದಿನ ಇಟ್ಟು, ಚಿತ್ರ ಮಾಸಿತೇ, ಕಲೆ ಬಿತ್ತೇ ಎಂದು ನೋಡುತ್ತಾರೆ. ಹೊದಿಕೆಯ ಮೇಲೆ «ಫೋಟೋಗೆ ಸುರಕ್ಷಿತ» ಎಂದಷ್ಟೇ ಇದ್ದರೆ ಅದಕ್ಕೆ ನಿರ್ದಿಷ್ಟ ಅರ್ಥವೇನೂ ಇಲ್ಲ.

ಪ್ಲಾಸ್ಟಿಕ್ಕಿನಲ್ಲಿ ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಪಾಲಿಯೆಸ್ಟರ್ ಈ ಮೂರು ಸುರಕ್ಷಿತ. ತೆರೆದಾಗ ಗಾಢವಾದ ಹೊಸ ಪ್ಲಾಸ್ಟಿಕ್ಕಿನ ವಾಸನೆ ಬರುವುದು ಹೆಚ್ಚಾಗಿ ಪಿವಿಸಿ; ಅದನ್ನು ದೂರವಿಡಬೇಕು.

ಪತ್ರಿಕೆಯ ತುಣುಕು, ದೊಡ್ಡ ನಕ್ಷೆ ಮುಂತಾದವನ್ನು ಏನು ಮಾಡುವುದು?

ಪತ್ರಿಕೆಯ ತುಣುಕನ್ನು ಪ್ರತಿ ಮಾಡಿಸಿ ಪ್ರತಿಯನ್ನೇ ಅಂಟಿಸಿ. ನಕ್ಷೆಯಲ್ಲಿ ನೀವು ಓಡಾಡಿದ ಭಾಗವನ್ನಷ್ಟೇ ಕತ್ತರಿಸಿ ದಾರಿಯನ್ನು ಗೆರೆ ಎಳೆದು ತೋರಿಸಬಹುದು. ಕತ್ತರಿಸಲು ಮನಸ್ಸಿಲ್ಲದಿದ್ದರೆ ಮಡಚಿ, ಪುಟಕ್ಕೆ ಅಂಟಿಸಿದ ಲಕೋಟೆಯಲ್ಲಿಡಿ. ಮಡಿಕೆಯ ಜಾಗವೇ ಮೊದಲು ಹರಿಯುವುದರಿಂದ ಹಳೆಯ ಮಡಿಕೆಯನ್ನೇ ಅನುಸರಿಸುವುದು ಲೇಸು.

ನಾಣ್ಯ, ಕೀಲಿಗೊಂಚಲು, ಚಿಪ್ಪು, ಮರಳು ಮುಂತಾದ ದಪ್ಪ ವಸ್ತುಗಳಿಗೆ ಆಲ್ಬಮ್‌ನಲ್ಲಿ ಜಾಗ ಹೇಗೆ?

ಮೊದಲು, ಅವನ್ನು ತರಬಹುದೇ ಎಂಬುದನ್ನು ನೋಡಬೇಕು. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸಲು 1973ರಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದದ ವ್ಯಾಪ್ತಿಗೆ ಗಟ್ಟಿ ಹವಳಗಳು, ದೈತ್ಯ ಕಪ್ಪೆಚಿಪ್ಪುಗಳು ಮತ್ತು ಕ್ವೀನ್ ಕಾಂಕ್ ಎಂಬ ಶಂಖದ ಜಾತಿ ಬರುತ್ತವೆ; ಅನುಮತಿಯಿಲ್ಲದೆ ಗಡಿ ದಾಟಿಸಿದರೆ ಅವು ಜಪ್ತಿಯಾಗಬಹುದು. ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಕಡಲತೀರದ ಮರಳು, ಕಲ್ಲು, ಚಿಪ್ಪುಗಳನ್ನು ಒಯ್ಯುವುದೇ ದಂಡಾರ್ಹ. ಮಣ್ಣು, ಬೀಜ, ಹಸಿ ಸಸ್ಯಗಳಿಗೆ ಅನೇಕ ದೇಶಗಳಲ್ಲಿ ನಿರ್ಬಂಧವಿದೆ. ಮರಳನ್ನು ಅಂಗೈಯಲ್ಲಿ ಹಿಡಿದು ಹತ್ತಿರದಿಂದ ತೆಗೆದ ಫೋಟೋ ಪುಟದ ಮೇಲೆ ಸೀಸೆಯ ಮರಳಿಗಿಂತ ಚೆನ್ನಾಗಿಯೇ ಕಾಣುತ್ತದೆ.

ತಂದದ್ದು ನ್ಯಾಯವಾದದ್ದೇ ಆಗಿದ್ದರೂ, ದಪ್ಪ ವಸ್ತು ಮುಚ್ಚಿದ ಆಲ್ಬಮ್‌ನಲ್ಲಿ ಎದುರಿನ ಪುಟದ ಫೋಟೋವನ್ನು ಒತ್ತಿ ಗುರುತು ಮಾಡುತ್ತದೆ. ತೆಳುವಾದ ನಾಣ್ಯವನ್ನು ಪಿವಿಸಿ ಇಲ್ಲದ ನಾಣ್ಯದ ಜೇಬುಗಳಿರುವ ಪುಟದಲ್ಲಿಡಬಹುದು. ಪಿವಿಸಿಯಲ್ಲಿಟ್ಟ ತಾಮ್ರ ಮಿಶ್ರಿತ ನಾಣ್ಯಗಳಿಗೆ ಹಸಿರು ಜಿಗುಟು ಹತ್ತುತ್ತದೆ. ಅದಕ್ಕಿಂತ ದಪ್ಪದವುಗಳಿಗೆ ಆಲ್ಬಮ್‌ನ ಪಕ್ಕದಲ್ಲೇ ಒಂದು ಸಣ್ಣ ಪೆಟ್ಟಿಗೆ ಇಟ್ಟು, ಎರಡಕ್ಕೂ ಒಂದೇ ಹೆಸರಿನ ಚೀಟಿ ಅಂಟಿಸುವುದು ಸರಿಯಾದ ದಾರಿ. ಗಾಜಿನ ಮುಚ್ಚಳದ ಆಳವಾದ ಚೌಕಟ್ಟಿನಲ್ಲಿ ಗೋಡೆಗೆ ಹಾಕುವುದೂ ಚೆಂದವೇ, ಆದರೆ ಬಿಸಿಲು ಬೀಳದ ಗೋಡೆಯಾಗಿರಲಿ.

ಒಣಗಿಸಿದ ಹೂವು, ಎಲೆಗಳು?

ಪೂರ್ತಿ ಒಣಗುವವರೆಗೆ ಆಲ್ಬಮ್ ಹತ್ತಿರ ತರಬೇಡಿ. ಹೀರುವ ಕಾಗದದ ನಡುವೆ ಭಾರ ಹೇರಿ, ಮೊದಲ ದಿನಗಳಲ್ಲಿ ಕಾಗದವನ್ನು ಬದಲಿಸುತ್ತ, ಕೆಲವು ವಾರ ಬಿಡಬೇಕು. ಅರ್ಧ ಒಣಗಿದ ಒಂದು ಎಲೆಯ ತೇವ ಸುತ್ತಲಿನ ಪುಟಗಳಿಗೂ ಬೂಸ್ಟು ತರಬಲ್ಲದು. ಒಣಗಿದ ಮೇಲೂ ಪಾಲಿಯೆಸ್ಟರ್ ಜೇಬಿನಲ್ಲಿಟ್ಟು ಫೋಟೋಗಳಿಂದ ದೂರ ಅಂಟಿಸಿ.

ಯಾವ ಅಂಟು ಬಳಸಬೇಕು?

ನೆನಪಿನ ವಸ್ತುಗಳಿಗೆ ಸಾಧ್ಯವಾದಷ್ಟು ಅಂಟೇ ಬೇಡ. ಮೂಲೆಗಳನ್ನು ಹಿಡಿಯುವ ಫೋಟೋ ಕಾರ್ನರ್‌ಗಳು, ಪಾರದರ್ಶಕ ಜೇಬುಗಳು, ಹಾಳೆಯಲ್ಲಿ ಕೊರೆದ ಸೀಳುಗಳು ವಸ್ತುವನ್ನು ಹಾನಿಯಿಲ್ಲದೆ ಹಿಡಿದಿಡುತ್ತವೆ, ಬೇಕಾದಾಗ ಬಿಟ್ಟುಕೊಡುತ್ತವೆ. ಹಿಂಬದಿಯಲ್ಲಿ ಬರಹವಿರುವ ಅಂಚೆ ಕಾರ್ಡಿಗೆ ಬೇರೆ ದಾರಿಯೇ ಇಲ್ಲ. ಅಲಂಕಾರದ ಹಾಳೆಗಳನ್ನು ಒಂದಕ್ಕೊಂದು ಅಂಟಿಸಲು ಆಮ್ಲರಹಿತ ಎರಡು ಬದಿಯ ಟೇಪ್ ಅಥವಾ ಅಂಟುಕಡ್ಡಿ ಸಾಕು. ಸಾಮಾನ್ಯ ಪಾರದರ್ಶಕ ಟೇಪ್ ಮತ್ತು ರಬ್ಬರ್ ಸಿಮೆಂಟ್ ಎಂಬ ಅಂಟು ಹಳದಿಯಾಗಿ ಕಲೆ ಬಿಡುತ್ತವೆ. ಸ್ಟೇಪ್ಲರ್ ಪಿನ್ ಮತ್ತು ಕ್ಲಿಪ್ಪುಗಳು ತುಕ್ಕು ಹಿಡಿಯುತ್ತವೆ, ರಬ್ಬರ್ ಬ್ಯಾಂಡ್‌ಗಳು ಕರಗಿ ಅಂಟಿಕೊಳ್ಳುತ್ತವೆ. ಪೆಟ್ಟಿಗೆಯೊಳಗೂ ಇವುಗಳ ಬದಲು ಕಾಗದದ ಪಟ್ಟಿಯನ್ನೇ ಸುತ್ತಿಡಿ.

ಪುಟಕ್ಕೇ ಅಂಟಿನ ಗೆರೆಗಳಿದ್ದು ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಹಳೆಯ «ಮ್ಯಾಗ್ನೆಟಿಕ್» ಆಲ್ಬಮ್‌ಗಳು ಅನೇಕರ ಮನೆಯಲ್ಲಿವೆ. ಅಂಟು ಸವರಿದ ಪುಟದ ಆಸೆ ಹೊಸದೇನಲ್ಲ: ನೀರು ತಾಗಿಸಿದರೆ ಅಂಟುವ ಸ್ಕ್ರಾಪ್‌ಬುಕ್ಕಿಗೆ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1873ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಮ್ಯಾಗ್ನೆಟಿಕ್ ಪುಟಗಳ ಅಂಟು ಫೋಟೋಗಳನ್ನು ಕಲೆಗೊಳಿಸುತ್ತದೆ, ವರ್ಷ ಕಳೆದಂತೆ ಬಿಡಲಾಗದಂತೆ ಹಿಡಿಯುತ್ತದೆ. ಅವುಗಳಲ್ಲಿರುವ ಫೋಟೋಗಳನ್ನು ಹೊರತೆಗೆಯಲು ಮೇಣವಿಲ್ಲದ ಹಲ್ಲಿನ ದಾರವನ್ನು ಫೋಟೋದ ಹಿಂದೆ ಗರಗಸದಂತೆ ಆಡಿಸುತ್ತ ಸಾವಕಾಶವಾಗಿ ಬಿಡಿಸಬೇಕು. ಬಿಡದಿದ್ದರೆ ಬಲವಂತ ಮಾಡದೆ ಇಡೀ ಪುಟವನ್ನೇ ಸ್ಕ್ಯಾನ್ ಮಾಡಿ.

ಹಾಳೆಗಳನ್ನು ಮಲಗಿಸಿ ಇಡಬೇಕೋ, ನಿಲ್ಲಿಸಿ ಇಡಬೇಕೋ?

ಸ್ಕ್ರಾಪ್‌ಬುಕ್ ಹಾಳೆಯ ರೂಢಿಯ ಅಳತೆ 12 ಇಂಚು ಚದರ, ಅಂದರೆ ಸುಮಾರು 30.5 ಸೆಂಟಿಮೀಟರ್. ಎ4 ಅಳತೆಯ ಫೈಲು, ಕಪಾಟುಗಳಲ್ಲಿ ಅದು ಹಿಡಿಯುವುದಿಲ್ಲವೆಂಬುದು ಕೊಂಡ ಮೇಲೆ ತಿಳಿಯುವ ಸತ್ಯ. ಡಬ್ಬಿ ಕೊಳ್ಳುವ ಮುನ್ನ ಅಳೆಯಿರಿ. ನಿಲ್ಲಿಸಿಟ್ಟರೆ ಹುಡುಕುವುದು ಸುಲಭ, ಆದರೆ ಡಬ್ಬಿ ಸಡಿಲವಾಗಿದ್ದರೆ ಹಾಳೆ ಬಾಗುತ್ತದೆ. ಆದ್ದರಿಂದ ಖಾಲಿ ಜಾಗಕ್ಕೆ ರಟ್ಟು ತುಂಬಬೇಕು. ಮಲಗಿಸಿಟ್ಟರೆ ಬಾಗುವುದಿಲ್ಲ, ಆದರೆ ಕೆಳಗಿನದು ಕೈಗೆ ಸಿಗುವುದಿಲ್ಲ.

ಒಂದೇ ಬಣ್ಣದ ಹಾಳೆಗಳನ್ನು ಬಣ್ಣದ ಪ್ರಕಾರ, ಚಿತ್ತಾರವಿರುವವನ್ನು ವಿಷಯದ ಪ್ರಕಾರ ಇಡುವುದು ಪ್ರವಾಸದ ಆಲ್ಬಮ್ ಮಾಡುವವರಿಗೆ ಅನುಕೂಲ: ನೀರು, ಬೆಟ್ಟ, ನಗರ, ವಾಹನ, ನಕ್ಷೆ. ತುಂಡುಗಳಿಗೆ ಬೇರೆಯೇ ಒಂದು ಲಕೋಟೆ ಇರಲಿ, ಮತ್ತು ಅಂಗೈಗಿಂತ ಸಣ್ಣ ತುಂಡುಗಳನ್ನು ಬಿಟ್ಟುಬಿಡಿ.

ಸ್ಟಿಕ್ಕರು, ಸ್ಟಾಂಪು, ಇಂಕು, ಪೆನ್ನುಗಳಿಗೆ ವಿಶೇಷ ಎಚ್ಚರಿಕೆ ಬೇಕೇ?

ಸ್ವಲ್ಪ ಬೇಕು. ಎರಡು ತುದಿಯ ಮಾರ್ಕರ್‌ಗಳನ್ನು ಮಲಗಿಸಿಡಬೇಕು, ಇಲ್ಲವಾದರೆ ಒಂದು ತುದಿ ಒಣಗುತ್ತದೆ. ಇಂಕ್ ಪ್ಯಾಡುಗಳನ್ನು ತಲೆಕೆಳಗಾಗಿ ಇಟ್ಟರೆ ಶಾಯಿ ಮೇಲ್ಮೈಯಲ್ಲೇ ಉಳಿಯುತ್ತದೆ. ಶಾಯಿ ಹಚ್ಚಿ ಅಚ್ಚೊತ್ತುವ ಪಾರದರ್ಶಕ ಸ್ಟಾಂಪುಗಳು ಬಿಸಿಲಿಗೆ ಹಳದಿಯಾಗುತ್ತವೆ. ಸ್ಟಿಕ್ಕರು ಮತ್ತು ವಾಶಿ ಟೇಪುಗಳ (ಅಲಂಕಾರದ ಕಾಗದದ ಟೇಪುಗಳ) ಅಂಟು ಸೆಕೆಗೆ ಒಸರುವುದರಿಂದ ಕಿಟಕಿಯ ಪಕ್ಕದ ಸುಂದರ ಪ್ರದರ್ಶನಕ್ಕಿಂತ ಮುಚ್ಚಿದ ಡ್ರಾಯರ್ ಮೇಲು. ಟಿಪ್ಪಣಿ ಬರೆಯಲು ಪಿಗ್ಮೆಂಟ್ ಶಾಯಿಯ ಪೆನ್ನನ್ನೇ ಬಳಸಿ. ಅದು ನೀರಿಗೆ ಹರಡುವುದಿಲ್ಲ, ಬೆಳಕಿಗೆ ಬೇಗ ಮಾಸುವುದಿಲ್ಲ.

ಇದಕ್ಕೆಲ್ಲ ಪ್ರತ್ಯೇಕ ಕೋಣೆ ಬೇಕೇ?

ಬೇಡ. ಕೈಯಲ್ಲಿ ಎತ್ತಿಕೊಂಡು ಮೇಜಿಗೆ ತರಬಹುದಾದ ಒಂದು ಬುಟ್ಟಿಯಲ್ಲಿ ಕತ್ತರಿ, ಹಾಳೆಯನ್ನು ನೇರವಾಗಿ ಕತ್ತರಿಸುವ ಟ್ರಿಮ್ಮರ್, ಅಂಟು, ಪೆನ್ನು, ಸ್ಕೇಲು ಇದ್ದರೆ ಕೆಲಸ ಶುರುವಾಗುತ್ತದೆ. ಉಳಿದದ್ದು ಕಪಾಟಿನಲ್ಲಿರಬಹುದು.

ಸಾವಿರಾರು ಡಿಜಿಟಲ್ ಫೋಟೋಗಳನ್ನು ಹೇಗೆ ಸಂಭಾಳಿಸುವುದು?

ಫೈಲಿನ ಹೆಸರು ವರ್ಷ, ತಿಂಗಳು, ದಿನದಿಂದ ಆರಂಭವಾಗಲಿ: «2024-03-09-ಬಂದರು-01». ಹೀಗೆ ಹೆಸರಿಟ್ಟರೆ ಕಂಪ್ಯೂಟರ್ ತಾನಾಗಿಯೇ ಕಾಲಕ್ರಮದಲ್ಲಿ ಸಾಲು ಹಿಡಿಸುತ್ತದೆ. ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳುಗಳ ಒಂದನೆಯ ತಾರೀಖುಗಳು ಒಟ್ಟಿಗೆ ಕುಳಿತುಬಿಡುತ್ತವೆ. ಸ್ಕ್ಯಾನ್ ಮಾಡಿದ ಟಿಕೆಟುಗಳಿಗೂ ಅದೇ ಪ್ರವಾಸದ ಫೋಲ್ಡರಿನಲ್ಲಿ ಜಾಗ ಕೊಡಿ.

ಆಲ್ಬಮ್‌ಗೆಂದು ಬೇರೆ ಫೋಲ್ಡರ್ ಮಾಡಿ, ಮುದ್ರಿಸುವವನ್ನು ಮಾತ್ರ ಅದಕ್ಕೆ ನಕಲಿಸಿ. ಫೋಟೋ ಆರಿಸುವಾಗ ಲಕೋಟೆಗಳನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು, ಏಕೆಂದರೆ ವಸ್ತು ಇರುವ ಕಡೆ ಫೋಟೋ ಕಡಿಮೆ ಸಾಕು. ರೈಲಿನ ಟಿಕೆಟು ಇದ್ದರೆ ನಿಲ್ದಾಣದ ಫಲಕದ ಐದು ಫೋಟೋಗಳಲ್ಲಿ ನಾಲ್ಕು ಅನಗತ್ಯ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯ ಹೊರಗೆ ಎಂಬ ನಿಯಮದಂತೆ ಎಲ್ಲವನ್ನೂ ಕಾಪಿಟ್ಟ ಮೇಲೆ ಫೋನಿನಿಂದ ಅಳಿಸಬಹುದು.

ಯಾವ ಬಗೆಯ ಆಲ್ಬಮ್ ಒಳ್ಳೆಯದು?

ಪುಟಗಳನ್ನು ಹಿಂದೆ ಮುಂದೆ ಮಾಡುವ ಅಭ್ಯಾಸವಿದ್ದರೆ ರಿಂಗ್ ಆಲ್ಬಮ್, ಅದರಲ್ಲೂ ಪುಟಗಳು ಸಮನಾಗಿ ಕೂರುವ ಡಿ ಆಕಾರದ ರಿಂಗ್. ಪುಸ್ತಕದಂತೆ ಎರಡು ಪುಟ ಕೂಡಿ ಒಂದೇ ಚಿತ್ರವಾಗಿ ಕಾಣಬೇಕೆಂದಿದ್ದರೆ ತಿರುಪುಗಳಿಂದ ಬಿಗಿಯುವ ಪೋಸ್ಟ್ ಆಲ್ಬಮ್. ವಿನ್ಯಾಸಕ್ಕೆ ಸಮಯವಿಲ್ಲದವರಿಗೆ 4×6 ಮತ್ತು 3×4 ಇಂಚಿನ ಜೇಬುಗಳಿರುವ ಪುಟಗಳು ಹೇಳಿ ಮಾಡಿಸಿದಂತಿವೆ: ಫೋಟೋ, ಟಿಕೆಟು, ಟಿಪ್ಪಣಿ ಕಾರ್ಡುಗಳನ್ನು ತುಂಬಿದರೆ ಪುಟ ಮುಗಿಯಿತು. ಇವನ್ನು ಕಡಿಮೆ ದರ್ಜೆಯ ಕೆಲಸವೆಂದು ಕಾಣುವವರಿದ್ದಾರೆ. ಮುಗಿದ ಸರಳ ಆಲ್ಬಮ್ ಮುಗಿಯದ ಅಲಂಕೃತ ಆಲ್ಬಮ್‌ಗಿಂತ ಉತ್ತಮವೆಂದೇ ನನ್ನ ಎಣಿಕೆ.

ಪೆಟ್ಟಿಗೆಗಳನ್ನು ಎಲ್ಲಿ ಇಡಬೇಕು?

ಜನ ವಾಸಿಸುವ ಕೋಣೆಯ ಕಪಾಟಿನಲ್ಲಿ, ನೆಲದಿಂದ ಮೇಲೆ, ಹೊರಗೋಡೆಗೆ ತಾಗದಂತೆ. ಅಟ್ಟ ಬಿಸಿಯಾಗುತ್ತದೆ, ನೆಲಮಾಳಿಗೆಗೆ ತೇವ ಏರುತ್ತದೆ. ಸಾಪೇಕ್ಷ ಆರ್ದ್ರತೆ ಶೇಕಡಾ 30ರಿಂದ 50ರೊಳಗಿದ್ದರೆ ಫೋಟೋಗಳಿಗೆ ಹಿತ. ಶೇಕಡಾ 65 ದಾಟಿದರೆ ಬೂಸ್ಟಿನ ಅಪಾಯ. ತೇವದ ಪ್ರದೇಶದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಬಹುದು, ಆದರೆ ಅದನ್ನು ಆಗಾಗ ಒಣಗಿಸದಿದ್ದರೆ ಉಪಯೋಗವಿಲ್ಲ. ಅಂಟು ಮತ್ತು ಕಾಗದವನ್ನು ತಿನ್ನುವ ಸಿಲ್ವರ್‌ಫಿಶ್ ಹುಳುಗಳಿಗೂ ತೇವವೇ ಇಷ್ಟ.

ಹಲವು ವರ್ಷಗಳ ಪ್ರವಾಸಗಳು ಬಾಕಿ ಇವೆ. ಯಾವುದರಿಂದ ಆರಂಭಿಸಲಿ?

ತೀರಾ ಇತ್ತೀಚಿನದರಿಂದ. ಅತಿ ಹಳೆಯದರಿಂದ ಕ್ರಮವಾಗಿ ಬರುತ್ತೇನೆಂದು ಹೊರಟವರು ಮರೆತುಹೋದ ವಿವರಗಳನ್ನು ಹುಡುಕುವುದರಲ್ಲೇ ದಣಿಯುತ್ತಾರೆ, ಅಷ್ಟರಲ್ಲಿ ಹೊಸದೂ ಹಳೆಯದಾಗುತ್ತದೆ. ಹಳೆಯ ಪ್ರವಾಸಗಳಿಗೆ ಸದ್ಯಕ್ಕೆ ಒಂದೊಂದು ಪೆಟ್ಟಿಗೆ, ಮೇಲೆ ವರ್ಷ ಮತ್ತು ಸ್ಥಳ, ಒಳಗೆ ಥರ್ಮಲ್ ಚೀಟಿಗಳ ಸ್ಕ್ಯಾನ್ ಆಗಿದೆಯೇ ಎಂಬ ಗುರುತು ಇದ್ದರೆ ಸಾಕು. ಜೊತೆಗೆ ಬಂದಿದ್ದವರು ಸಿಕ್ಕಾಗ ಆ ಪೆಟ್ಟಿಗೆಯನ್ನು ಅವರ ಮುಂದೆ ಬಿಚ್ಚಿ, ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ.

ಆಲ್ಬಮ್ ಮುಗಿದ ಮೇಲೆ ಉಳಿದ ವಸ್ತುಗಳು?

ಬಿಡಲಾಗದ ಕೆಲವನ್ನು ಹಿಂಬದಿಯ ರಟ್ಟಿನ ಒಳಗೆ ಅಂಟಿಸಿದ ಒಂದೇ ಲಕೋಟೆಯಲ್ಲಿ ಇಡಿ. ಅದರಲ್ಲಿ ಹಿಡಿಯದದ್ದನ್ನು ಬಿಟ್ಟುಬಿಡಿ. ಹೆಸರು, ಕಾರ್ಡಿನ ಸಂಖ್ಯೆ, ಬುಕಿಂಗ್ ಸಂಕೇತಗಳಿರುವ ಕಾಗದಗಳನ್ನು ಹರಿದು ಎಸೆಯಬೇಕು. ಥರ್ಮಲ್ ರಸೀದಿಗಳ ಲೇಪದಲ್ಲಿ ರಾಸಾಯನಿಕಗಳಿರುವುದರಿಂದ ಅವನ್ನು ಮರುಬಳಕೆಯ ಕಾಗದದ ಜೊತೆ ಸೇರಿಸದೆ ಸಾಮಾನ್ಯ ಕಸಕ್ಕೇ ಹಾಕಿ.